ಐದು ಲಕ್ಷ ಕೈಗೆ ಬಂದಿದೆ: ಹೋಮ್ ಲೋನ್‌ಗೆ ಕಟ್ಟೋದಾ, ಇಟ್ಟುಕೊಳ್ಳೋದಾ?

2023ರ ಜನವರಿಯಲ್ಲಿ ನಾವು ಹೋಮ್ ಲೋನ್‌ಗೆ ಒಂದೇ ಸಲ ಆರು ಲಕ್ಷ ಕಟ್ಟಿದೆವು. ನಮ್ಮನೆಯವರ ಬೋನಸ್, ನನ್ನ ಎರಡು ಎಫ್‌ಡಿ, ಸೇವಿಂಗ್ಸ್ ಅಕೌಂಟಿನಲ್ಲಿ ಇದ್ದಬದ್ದದ್ದು, ಎಲ್ಲ ಬಳಿದು ಕಟ್ಟಿದ್ದು. ಆ್ಯಪ್‌ನಲ್ಲಿ ಬಾಕಿ ಇಳಿದದ್ದು ನೋಡಿದ ಖುಷಿಗೆ ಅವತ್ತು ರಾತ್ರಿ ಮನೆಗೆ ಮಸಾಲೆ ದೋಸೆ ಬಂತು. ಏಪ್ರಿಲ್‌ನಲ್ಲಿ ಅವರ ಕಂಪನಿ ಇಡೀ ಟೀಮನ್ನೇ ಮನೆಗೆ ಕಳಿಸಿತು. ಜೂನ್‌ನಲ್ಲಿ ಮಾವನಿಗೆ ಬೈಪಾಸ್ ಆಯಿತು. ಮಾವನ ಹೆಲ್ತ್ ಇನ್ಶೂರೆನ್ಸ್ ಇದ್ದದ್ದು ಅದೇ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ. ಕೆಲಸದ ಜೊತೆ ಅದೂ ಹೋಗಿತ್ತು.

ಬ್ಯಾಂಕಿಗೆ ಹೋಗಿ ಟಾಪ್-ಅಪ್ ಲೋನ್ (ಇರುವ ಹೋಮ್ ಲೋನ್ ಮೇಲೆ ಇನ್ನಷ್ಟು ಸಾಲ) ಕೇಳಿದೆ. ಕೌಂಟರ್‌ನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳೇ. "ಮೇಡಂ, ಸರ್‌ದು ಲಾಸ್ಟ್ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಬೇಕಾಗುತ್ತೆ" ಅಂದಳು. ಸ್ಲಿಪ್ ಇದ್ದಿದ್ದರೆ ನಾನ್ಯಾಕೆ ಅಲ್ಲಿ ಕೂತಿರುತ್ತಿದ್ದೆ? ಐದು ತಿಂಗಳ ಹಿಂದೆ ಕಟ್ಟಿದ ಆರು ಲಕ್ಷ ಅದೇ ಬ್ಯಾಂಕಿಗೇ ಹೋಗಿದ್ದು. ಈಗ ಅದು ಮನೆ ಗೋಡೆಗೆ ಸೇರಿಹೋಗಿತ್ತು. ಕೊನೆಗೆ ನನ್ನ ಸಂಬಳದ ಮೇಲೆ ನಾಲ್ಕು ಲಕ್ಷ ಪರ್ಸನಲ್ ಲೋನ್ ತೆಗೆದೆ. 14 ಪರ್ಸೆಂಟ್, ಮೂರು ವರ್ಷ, ತಿಂಗಳಿಗೆ 13,671. ಬಡ್ಡಿಯೇ 92 ಸಾವಿರ. ಒಂಬತ್ತು ಪರ್ಸೆಂಟ್ ಉಳಿಸಲು ಹೋಗಿ ಹದಿನಾಲ್ಕು ತೆತ್ತ ಲೆಕ್ಕ ಇದು. ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವಳು ಬೇರೆ!

ಅದಕ್ಕೇ ಈಗ ಯಾರಾದರೂ "ಸ್ವಲ್ಪ ದುಡ್ಡು ಬಂದಿದೆ, ಲೋನ್‌ಗೆ ಕಟ್ಟಿಬಿಡ್ಲಾ" ಅಂತ ಕೇಳಿದರೆ ನಾನು ಬಡ್ಡಿ ರೇಟ್ ಕೇಳುವುದಿಲ್ಲ. ಮುಂದಿನ ಎರಡು ಮೂರು ವರ್ಷದಲ್ಲಿ ಮನೆಯಲ್ಲಿ ಏನೇನು ಬದಲಾಗಬಹುದು, ಆಗ ಈ ದುಡ್ಡು ವಾಪಸ್ ಬೇಕಾದರೆ ಸಿಗುತ್ತಾ, ಅದನ್ನು ಕೇಳುತ್ತೇನೆ. ಕೆಳಗಿನ ದಾರಿಗಳನ್ನೆಲ್ಲ ಆ ಪ್ರಶ್ನೆ ಇಟ್ಟುಕೊಂಡೇ ಹೋಲಿಸಿದ್ದೇನೆ.

ಲೆಕ್ಕಕ್ಕೊಂದು ಸಾಲ

ಎಲ್ಲ ದಾರಿಗೂ ಒಂದೇ ಸಾಲ ಇಟ್ಟುಕೊಳ್ಳೋಣ. 50 ಲಕ್ಷ, 8.5 ಪರ್ಸೆಂಟ್, 20 ವರ್ಷ. ಇಎಂಐ 43,391. ಕೊನೆವರೆಗೂ ಸುಮ್ನೆ ಕಟ್ಟುತ್ತಾ ಹೋದರೆ ಬಡ್ಡಿ 54.14 ಲಕ್ಷ. ಅಸಲಿಗಿಂತ ಜಾಸ್ತಿ.

ಐದು ವರ್ಷ ಕಳೆಯಿತು ಅನ್ನಿ. ಅಷ್ಟರಲ್ಲಿ ನೀವು ಕಟ್ಟಿದ್ದು 26 ಲಕ್ಷ. ಅಸಲು ಇಳಿದದ್ದು ಆರು ಲಕ್ಷಕ್ಕೂ ಸ್ವಲ್ಪ ಕಮ್ಮಿ. ಇನ್ನೂ 44.06 ಲಕ್ಷ ಬಾಕಿ, 180 ಕಂತು. ಸ್ಟೇಟ್‌ಮೆಂಟ್‌ನಲ್ಲಿ ಇದನ್ನು ಮೊದಲ ಸಲ ನೋಡಿದವರಿಗೆ ಹೊಟ್ಟೆ ಉರಿಯುವುದು ಸಹಜ. ಆ ಉರಿಯಲ್ಲೇ ನಾವು ಆರು ಲಕ್ಷ ಕಟ್ಟಿದ್ದು. ಈಗ ನಿಮ್ಮ ಕೈಯಲ್ಲಿ ಐದು ಲಕ್ಷ ಇದೆ.

ಅವಧಿ ಇಳಿಸೋದಾ, ಕಂತು ಇಳಿಸೋದಾ?

ಪ್ರೀಪೇಮೆಂಟ್, ಅಂದರೆ ಸಾಲಕ್ಕೆ ಮುಂಚಿತವಾಗಿ ಹೆಚ್ಚಿಗೆ ಕಟ್ಟುವಾಗ, ಎರಡು ದಾರಿ. ಕಂತು ಅಷ್ಟೇ ಇಟ್ಟು ಅವಧಿ ಕಡಿಮೆ ಮಾಡಿಸಬಹುದು. ಅವಧಿ ಅಷ್ಟೇ ಇಟ್ಟು ಕಂತು ಕಡಿಮೆ ಮಾಡಿಸಬಹುದು. ನೀವು ಏನೂ ಹೇಳದಿದ್ದರೆ ಬಹಳ ಕಡೆ ಅವಧಿಯನ್ನೇ ಇಳಿಸುತ್ತಾರೆ.

ಅವಧಿ ಇಳಿಸಿದರೆ 180 ಕಂತು 144ಕ್ಕೆ ಬರುತ್ತದೆ. ಮೂರು ವರ್ಷ ಬೇಗ ಮುಗಿಯುತ್ತದೆ, ಸುಮಾರು 10.7 ಲಕ್ಷ ಬಡ್ಡಿ ಉಳಿಯುತ್ತದೆ. ಕಂತು ಇಳಿಸಿದರೆ 43,391 ಹೋಗಿ 38,467 ಆಗುತ್ತದೆ. ತಿಂಗಳಿಗೆ 4,924 ಉಳಿತಾಯ. ಒಟ್ಟು ಬಡ್ಡಿಯಲ್ಲಿ ಉಳಿಯುವುದು 3.86 ಲಕ್ಷ ಮಾತ್ರ.

10.7 ಎಲ್ಲಿ, 3.86 ಎಲ್ಲಿ! ಯೂಟ್ಯೂಬ್‌ನಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸಿ "ಯಾವಾಗಲೂ ಅವಧಿ ಇಳಿಸಿ" ಅನ್ನುತ್ತಾರೆ. ಆದರೆ ಒಂದು ವಿಷಯ ಹೇಳುವುದಿಲ್ಲ. ಕಂತು ಇಳಿಸಿಕೊಂಡವರು ಉಳಿದ 4,924 ರೂಪಾಯಿಯನ್ನು ತಿಂಗಳು ತಿಂಗಳು ವಾಪಸ್ ಸಾಲಕ್ಕೇ ಕಟ್ಟುತ್ತಾ ಹೋದರೆ ಎರಡೂ ಒಂದೇ ದಿನ ಮುಗಿಯುತ್ತವೆ. ಬಡ್ಡಿಯೂ ಒಂದೇ. ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಆ 4,924 ಕಡ್ಡಾಯ. ಎರಡನೆಯದರಲ್ಲಿ ನಿಮ್ಮಿಷ್ಟ. ಮಗುವಿನ ಸ್ಕೂಲ್ ಫೀಸ್ ಬಂದ ತಿಂಗಳು ಬಿಡಬಹುದು, ಮುಂದಿನ ತಿಂಗಳು ಕಟ್ಟಬಹುದು. ಕೆಲವು ಕಡೆ ಪ್ರೀಪೇಮೆಂಟ್‌ಗೆ ಕನಿಷ್ಠ ಮೊತ್ತ ಇರುತ್ತದೆ. ಹಾಗಿದ್ದರೆ ಆರು ತಿಂಗಳದ್ದು ಕೂಡಿಸಿ ಕಟ್ಟಿದರಾಯಿತು.

ಅವಧಿ ಇಳಿಸಿಕೊಂಡ ಮೇಲೆ ಮತ್ತೆ ಉದ್ದ ಮಾಡಿ ಅಂತ ಕೇಳುವುದು ಬೇರೆಯೇ ಕಥೆ. ಅರ್ಜಿ ಕೊಡಬೇಕು, ಆದಾಯದ ದಾಖಲೆ ತೋರಿಸಬೇಕು. ಕಂತು ಕಟ್ಟಲಾಗದೆ ಕೇಳಿದ್ದು ಅಂತ ಆದರೆ ರೀಸ್ಟ್ರಕ್ಚರಿಂಗ್ (ತೊಂದರೆಗೆ ಸಿಕ್ಕು ಷರತ್ತು ಬದಲಾಯಿಸಿದ ಸಾಲ) ಅಂತ ಸಿಬಿಲ್ ವರದಿಯಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯಲ್ಲಿ, ಬರೆದುಕೊಳ್ಳಬಹುದು.

ಹಾಗಾಗಿ ನನ್ನ ಅಭಿಪ್ರಾಯ ನೇರ. ಕೈಯಲ್ಲಿ ದುಡ್ಡು ನಿಲ್ಲದವರು, ಉಳಿದದ್ದನ್ನು ಮಾಲ್‌ನಲ್ಲಿ ಕಳೆಯುವವರು ಅವಧಿ ಇಳಿಸಲಿ. ಲೆಕ್ಕ ಇಟ್ಟುಕೊಳ್ಳುವ ಅಭ್ಯಾಸ ಇದ್ದು, ಸಂಬಳ ಇಂದಿನಂತೆ ನಾಳೆ ಇರುತ್ತದೆ ಅನ್ನುವ ಧೈರ್ಯ ಇಲ್ಲದವರು ಕಂತು ಇಳಿಸಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಐದು ಲಕ್ಷ ಮುಂಚೆಯೇ ಕಟ್ಟಿದ್ದೀನಿ, ಇನ್ನು ಹತ್ತು ಹನ್ನೊಂದು ಕಂತು ಕಟ್ಟದಿದ್ದರೂ ನಡೆಯುತ್ತೆ" ಅಂತ ನಮ್ಮನೆಯವರೂ ಅಂದುಕೊಂಡಿದ್ದರು. ನಡೆಯುವುದಿಲ್ಲ. ಮುಂದಿನ ತಿಂಗಳ ಐದನೇ ತಾರೀಕು ಅಕೌಂಟಿನಲ್ಲಿ ದುಡ್ಡಿಲ್ಲದಿದ್ದರೆ ಕಂತು ಬೌನ್ಸ್ ಆಗುತ್ತದೆ. 90 ದಿನ ದಾಟಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಮುಂಚೆ ಎಷ್ಟು ಕಟ್ಟಿದ್ದಿರಿ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಓಡಿ ಅಕೌಂಟ್: ಕಟ್ಟಿದಂಗೂ ಇರಬೇಕು, ಕೈಯಲ್ಲಿ ಇದ್ದಂಗೂ ಇರಬೇಕು

ಓವರ್‌ಡ್ರಾಫ್ಟ್ ಮಾದರಿಯ ಹೋಮ್ ಲೋನ್ ಹಲವು ಬ್ಯಾಂಕುಗಳಲ್ಲಿದೆ. ಎಸ್‌ಬಿಐನ ಮ್ಯಾಕ್ಸ್‌ಗೇನ್ ಹೆಸರು ಕೇಳಿರಬಹುದು. ಸಾಲದ ಅಕೌಂಟಿನಲ್ಲೇ ಕಂತಿಗಿಂತ ಜಾಸ್ತಿ ದುಡ್ಡು ಇಡಬಹುದು. ಇಟ್ಟಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ. ಬೇಕೆಂದಾಗ ತೆಗೆಯಬಹುದು. ಯಾರಿಗೂ ಸ್ಯಾಲರಿ ಸ್ಲಿಪ್ ತೋರಿಸಬೇಕಿಲ್ಲ.

ಕೇಳಲು ಅಮೃತ. ಆದರೆ ರೇಟ್ ಸಾಮಾನ್ಯವಾಗಿ ಮಾಮೂಲಿ ಲೋನ್‌ಗಿಂತ ಸ್ವಲ್ಪ ಜಾಸ್ತಿ. ಕಾಲು ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 44 ಲಕ್ಷದ ಮೇಲೆ ಕಾಲು ಪರ್ಸೆಂಟ್ ಅಂದರೆ ವರ್ಷಕ್ಕೆ 11 ಸಾವಿರ. ಇದು ಈ ಸವಲತ್ತಿನ ಬಾಡಿಗೆ. ಅದೇ ದುಡ್ಡನ್ನು ಎಫ್‌ಡಿಯಲ್ಲಿ ಇಟ್ಟಿದ್ದರೆ 6.5 ಪರ್ಸೆಂಟ್ ಬರುತ್ತಿತ್ತು ಅನ್ನಿ. 30 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಕೈಗೆ ಸಿಗುವುದು ಸುಮಾರು 4.5. ಓಡಿಯಲ್ಲಿ ಇಟ್ಟರೆ 8.75 ಉಳಿಯುತ್ತದೆ. ಎರಡರ ನಡುವೆ 4.25. ಹಾಗಾದರೆ ಬಾಡಿಗೆ ಹುಟ್ಟಬೇಕಾದರೆ ಸದಾ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಆ ಅಕೌಂಟಿನಲ್ಲಿ ಇರಬೇಕು. ಐದು ಲಕ್ಷ ಇಟ್ಟವರಿಗೆ ವರ್ಷಕ್ಕೆ ಹತ್ತು ಸಾವಿರ ಲಾಭ. ಐವತ್ತು ಸಾವಿರ ಇಟ್ಟು ತಿಂಗಳ ಕೊನೆಗೆ ಖಾಲಿ ಮಾಡುವವರಿಗೆ ಬರೀ ನಷ್ಟ.

ಇನ್ನೊಂದು ತೊಂದರೆ ಲೆಕ್ಕದ್ದಲ್ಲ, ಮನಸ್ಸಿನದ್ದು. ಕಣ್ಣಿಗೆ ಕಾಣುವ ದುಡ್ಡು ಕೈ ಕಡಿಯುತ್ತದೆ. ಪರಿಚಯದವರೊಬ್ಬರು ಓಡಿಯಿಂದ ತೆಗೆದು ಕಾರು ಬದಲಾಯಿಸಿದರು. 8.75ಕ್ಕೆ ಕಾರ್ ಲೋನ್ ಸಿಕ್ಕಂಗಾಯ್ತು ಅಂತ ಸಮಾಧಾನ ಬೇರೆ. ನಾವು 2024ರಲ್ಲಿ ಓಡಿಗೆ ಬದಲಾಯಿಸಿಕೊಂಡಾಗ ಚೆಕ್‌ಬುಕ್ಕನ್ನು ಅತ್ತೆಯ ಬೀರುವಿನಲ್ಲಿ ಇಟ್ಟೆ. ಅತ್ತೆಯನ್ನು ಕೇಳಿ ತೆಗೆದುಕೊಳ್ಳಬೇಕು ಅಂದರೆ ಯಾರೂ ಸುಮ್ಮಸುಮ್ಮನೆ ಕೇಳುವುದಿಲ್ಲ.

ವರ್ಷ ವರ್ಷ ಕಂತು ಏರಿಸುವುದು

ಇಡೀ ಗಂಟು ಇಲ್ಲದವರಿಗೆ ಇದು ಒಳ್ಳೆಯ ದಾರಿ. ಅದೇ 50 ಲಕ್ಷದ ಸಾಲಕ್ಕೆ ಮೊದಲ ವರ್ಷದಿಂದಲೇ ಪ್ರತಿ ವರ್ಷ ಕಂತನ್ನು 5 ಪರ್ಸೆಂಟ್ ಏರಿಸುತ್ತಾ ಹೋದರೆ 20 ವರ್ಷದ ಸಾಲ 12 ವರ್ಷ ಮೂರು ತಿಂಗಳೊಳಗೆ ತೀರುತ್ತದೆ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೂ 20 ವರ್ಷಕ್ಕಿಂತ ಮೂರು ವರ್ಷಕ್ಕೂ ಹೆಚ್ಚು ಬೇಗ ಮುಗಿಯುತ್ತದೆ.

ಆದರೆ ಹನ್ನೆರಡನೇ ವರ್ಷದಲ್ಲಿ ಕಂತು ಎಷ್ಟಾಗಿರುತ್ತದೆ ನೋಡಿ: 74 ಸಾವಿರ. ಸಂಬಳ ಪ್ರತಿ ವರ್ಷ ಏರುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತ ಲೆಕ್ಕ ಇದು. ಬೆಂಗಳೂರಿನ ಐಟಿಯಲ್ಲಿ ನಲವತ್ತೈದು ದಾಟಿದವರನ್ನು ಕೇಳಿ, ಹೇಳುತ್ತಾರೆ. ಏರಿಸುವುದಾದರೆ ಬ್ಯಾಂಕಿನ ಕಂತನ್ನು ಏರಿಸಬೇಡಿ. ಕಂತು ಅಷ್ಟೇ ಇರಲಿ, ಹೆಚ್ಚಿನದ್ದನ್ನು ಪ್ರೀಪೇಮೆಂಟ್ ಆಗಿ ಕಟ್ಟಿ. ಫಲ ಒಂದೇ. ಬೇಡವಾದ ವರ್ಷ ನಿಲ್ಲಿಸಬಹುದು.

ಕಟ್ಟದೆ ಬೇರೆ ಕಡೆ ಹಾಕುವುದು

ಎಫ್‌ಡಿ ಲೆಕ್ಕ ಆಗಲೇ ಬಂತು. ತೆರಿಗೆ ಕಳೆದು 4.5 ಗಳಿಸಿ 8.5 ಕಟ್ಟುವುದು ನಷ್ಟವೇ. ಐದು ಲಕ್ಷಕ್ಕೆ ವರ್ಷಕ್ಕೆ 20 ಸಾವಿರ. ಆದರೆ ನಾನು ಅದನ್ನು ನಷ್ಟ ಅನ್ನುವುದಿಲ್ಲ, ಪ್ರೀಮಿಯಂ ಅನ್ನುತ್ತೇನೆ. ಕಂತು 43 ಸಾವಿರ, ಮನೆ ಖರ್ಚು 30 ಸಾವಿರ ಅಂದರೆ ಆ ಐದು ಲಕ್ಷ ಕೆಲಸವಿಲ್ಲದ ಸುಮಾರು ಏಳು ತಿಂಗಳು ಮನೆ ನಡೆಸುತ್ತದೆ. ಸಾಲಕ್ಕೆ ಕಟ್ಟಿಬಿಟ್ಟರೆ ಒಂದು ತಿಂಗಳೂ ನಡೆಸುವುದಿಲ್ಲ. ನಮಗೆ ಆ ಪ್ರೀಮಿಯಂ ಉಳಿಸಿದ್ದಕ್ಕೆ 92 ಸಾವಿರ ಹೋಯಿತು. ಮೊದಲು ಆರು ತಿಂಗಳ ಖರ್ಚಿನಷ್ಟು ದುಡ್ಡು ಎಫ್‌ಡಿಯಲ್ಲೋ ಓಡಿಯಲ್ಲೋ ಇರಲಿ. ಅದಕ್ಕಿಂತ ಮೇಲಿನದ್ದು ಮಾತ್ರ ಪ್ರೀಪೇಮೆಂಟ್ ಮಾತಿಗೆ ಬರುತ್ತದೆ.

ಮ್ಯೂಚುವಲ್ ಫಂಡ್ ಬಗ್ಗೆ "ಹನ್ನೆರಡು ಪರ್ಸೆಂಟ್ ಬರುತ್ತೆ, 8.5ರ ಸಾಲ ಯಾಕೆ ತೀರಿಸ್ತೀರಿ" ಅನ್ನುವವರಿದ್ದಾರೆ. ಬರಬಹುದು. ಹದಿನೈದು ವರ್ಷ ಮುಟ್ಟದೆ ಇಟ್ಟರೆ ಬರುವ ಸಾಧ್ಯತೆಯೂ ಇದೆ. ಆದರೆ ಸಾಲಕ್ಕೆ ಕಟ್ಟಿ ಉಳಿಸುವ 8.5 ಖಚಿತ, ಅದಕ್ಕೆ ತೆರಿಗೆ ಇಲ್ಲ. ಷೇರು ಫಂಡಿನ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ ದೀರ್ಘಾವಧಿಯದ್ದಕ್ಕೂ 12.5 ಪರ್ಸೆಂಟ್ ತೆರಿಗೆ ಇದೆ. ಅದಕ್ಕಿಂತ ಮುಖ್ಯ, ಮಾರುಕಟ್ಟೆ ಬೀಳುವುದೂ ಕೆಲಸ ಹೋಗುವುದೂ ಬಹಳ ಸಲ ಜೊತೆಯಲ್ಲೇ ಬರುತ್ತವೆ. 2020ರ ಮಾರ್ಚ್ ನೆನಪಿದೆ ಅಲ್ವಾ? ಎಸ್‌ಐಪಿ ಮಾಡುತ್ತಿದ್ದರೆ ನಿಲ್ಲಿಸಬೇಡಿ. ಆದರೆ ಅದನ್ನು ಆಪತ್ತಿನ ದುಡ್ಡು ಅಂತ ಮಾತ್ರ ಎಣಿಸಬೇಡಿ.

ಪಿಎಫ್ ತೆಗೆದು ಸಾಲ ತೀರಿಸುವ ಯೋಚನೆ ಇದ್ದರೆ ಅಲ್ಲೇ ಬಿಡಿ. 2024-25ಕ್ಕೆ ಪಿಎಫ್ ಬಡ್ಡಿ 8.25, ಮಾಮೂಲಿ ಸಂಬಳದವರಿಗೆ ತೆರಿಗೆಯೂ ಇಲ್ಲ. ಕಾಲು ಪರ್ಸೆಂಟಿಗೋಸ್ಕರ ವಯಸ್ಸಾದ ಕಾಲದ ದುಡ್ಡು ಯಾಕೆ ಮುಟ್ಟಬೇಕು? ಪಿಎಫ್ ದುಡ್ಡನ್ನು ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಜಪ್ತಿ ಮಾಡಿಸಲಾಗುವುದಿಲ್ಲ. ಎಲ್ಲ ಉಳಿತಾಯಕ್ಕೂ ಈ ರಕ್ಷಣೆ ಇಲ್ಲ. ಮಗಳ ಸುಕನ್ಯಾ ಸಮೃದ್ಧಿಗೂ ಇದೇ ಮಾತು. 2025ರಲ್ಲಿ ಬಡ್ಡಿ 8.2 ಪರ್ಸೆಂಟ್, ತೆರಿಗೆ ಇಲ್ಲ. ಅದಕ್ಕೆ ಹಾಕುವುದನ್ನು ನಿಲ್ಲಿಸಿ ಸಾಲಕ್ಕೆ ಕಟ್ಟಬೇಡಿ.

"ಟ್ಯಾಕ್ಸ್ ಉಳಿಯುತ್ತಲ್ಲ, ಸಾಲ ಇರಲಿ ಬಿಡಿ"

ನಮ್ಮ ಆಫೀಸಿನಲ್ಲಿ ವರ್ಷಕ್ಕೆ ಹತ್ತು ಸಲ ಈ ಮಾತು ಕೇಳುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ತಾವೇ ವಾಸವಿರುವ ಮನೆಯ ಬಡ್ಡಿಗೆ ಯಾವ ವಿನಾಯಿತಿಯೂ ಇಲ್ಲ. ಅಲ್ಲಿಗೆ ಮಾತು ಮುಗಿಯಿತು.

ಹಳೇ ಪದ್ಧತಿಯಲ್ಲಿ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ನಮ್ಮ ಉದಾಹರಣೆಯಲ್ಲಿ ವರ್ಷದ ಬಡ್ಡಿ 3.7 ಲಕ್ಷ. 2 ಲಕ್ಷಕ್ಕೆ ಮಾತ್ರ ವಿನಾಯಿತಿ, ಮೇಲಿನ 1.7 ಲಕ್ಷಕ್ಕೆ ಏನೂ ಇಲ್ಲ. ಐದು ಲಕ್ಷ ಕಟ್ಟಿದರೆ ಕಮ್ಮಿಯಾಗುವುದು ಆ ಮೇಲಿನ ಬಡ್ಡಿಯೇ. ಹಾಗಾಗಿ ಪ್ರೀಪೇಮೆಂಟ್‌ನ ಲಾಭ ಪೂರ್ತಿ 8.5. ತೆರಿಗೆ ಒಂದು ರೂಪಾಯಿಯೂ ಜಾಸ್ತಿಯಾಗುವುದಿಲ್ಲ. ಬಾಕಿ 23.5 ಲಕ್ಷಕ್ಕೆ ಇಳಿದಾಗ ವರ್ಷದ ಬಡ್ಡಿ 2 ಲಕ್ಷಕ್ಕೆ ಬರುತ್ತದೆ. ಅಲ್ಲಿಂದ ಕೆಳಗೆ, 30 ಪರ್ಸೆಂಟ್ ತೆರಿಗೆಯವರಿಗೆ (ಸೆಸ್ ಸೇರಿಸಿ ಲೆಕ್ಕ ಹಾಕಿದರೆ) ಸಾಲದ ನಿಜವಾದ ಖರ್ಚು ಸುಮಾರು 5.85 ಪರ್ಸೆಂಟ್ ಮಾತ್ರ. ಆಗ ಆತುರ ಬೇಡ. ಗಂಡ ಹೆಂಡತಿ ಇಬ್ಬರೂ ಮಾಲೀಕರೂ ಆಗಿದ್ದು ಸಾಲವನ್ನೂ ಸೇರಿಯೇ ಕಟ್ಟುತ್ತಿದ್ದರೆ ಇಬ್ಬರಿಗೂ ತಲಾ 2 ಲಕ್ಷ. ಆಗ ಈ ಗೆರೆ 47 ಲಕ್ಷದ ಹತ್ತಿರ ಬೀಳುತ್ತದೆ.

ಜನ ಮಾಡುವುದು ಇದಕ್ಕೆ ಉಲ್ಟಾ. ಬಾಕಿ ಜಾಸ್ತಿ ಇದ್ದಾಗ "ಟ್ಯಾಕ್ಸ್ ಉಳಿಯುತ್ತೆ" ಅಂತ ಸುಮ್ಮನಿದ್ದು, ಬಾಕಿ ಹದಿನೈದು ಲಕ್ಷಕ್ಕೆ ಬಂದಾಗ "ಇನ್ನೇನು ಮುಗಿಸಿಬಿಡೋಣ" ಅಂತ ಒಡವೆ ಮಾರಿ ಕಟ್ಟುತ್ತಾರೆ.

ಒಂದು ರೂಪಾಯಿ ಕಟ್ಟುವ ಮುಂಚೆ ರೇಟ್ ನೋಡಿ

ಇದನ್ನು ಮೊದಲೇ ಹೇಳಬೇಕಿತ್ತು. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಆರ್‌ಬಿಐ ರೆಪೋ ದರವನ್ನು (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರ) 6.50ರಿಂದ 5.25ಕ್ಕೆ ಇಳಿಸಿತು. ನಿಮ್ಮ ಸಾಲ ಅಷ್ಟು ಇಳಿಯಿತಾ? 2019ರ ಅಕ್ಟೋಬರ್ ಒಂದರಿಂದ ಈಚೆಗೆ ಬ್ಯಾಂಕಿನಿಂದ ತೆಗೆದ ಫ್ಲೋಟಿಂಗ್ (ದರ ಏರಿಳಿಯುವ) ಸಾಲವಾದರೆ ಅದು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಿದ್ದು, ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಲೇಬೇಕು. ಅದಕ್ಕೂ ಹಳೆಯದಾದರೆ, ಅಥವಾ ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲವಾದರೆ, ನೀವೇ ಹೋಗಿ ಕೇಳುವ ತನಕ ಹಳೇ ರೇಟೇ ಓಡುತ್ತಿರಬಹುದು. ಸ್ವಲ್ಪ ಕನ್ವರ್ಶನ್ ಫೀಸ್ ಕಟ್ಟಿ ಬದಲಾಯಿಸಿಕೊಳ್ಳಬಹುದು. 44.06 ಲಕ್ಷ, 15 ವರ್ಷ ಬಾಕಿ ಇರುವ ಸಾಲ 9ರಿಂದ 8ಕ್ಕೆ ಇಳಿದರೆ ಕಂತು ತಿಂಗಳಿಗೆ 2,583 ಕಮ್ಮಿಯಾಗುತ್ತದೆ. ಒಟ್ಟು 4.65 ಲಕ್ಷ. ಒಂದು ಅರ್ಜಿಗೆ ಇಷ್ಟು!

ದರ ಏರುವಾಗಲೂ ಎಚ್ಚರ ಬೇಕು. 2021ರಲ್ಲಿ 6.75ಕ್ಕೆ 50 ಲಕ್ಷ ತೆಗೆದವರ ಕಂತು 38,018 ಇತ್ತು. 2023ರಲ್ಲಿ ದರ 9.25 ಆದಾಗ 48 ಲಕ್ಷ ಬಾಕಿಗೆ ತಿಂಗಳ ಬಡ್ಡಿಯೇ 37 ಸಾವಿರ. ಕಂತು ಹಾಗೇ ಇತ್ತು, ಅಸಲು ಅಲ್ಲಾಡಲೇ ಇಲ್ಲ, ಅವಧಿ ಸದ್ದಿಲ್ಲದೆ ಬೆಳೆಯಿತು. ಇಂಥದ್ದು ನೋಡಿಯೇ ಆರ್‌ಬಿಐ 2023ರ ಆಗಸ್ಟ್‌ನಲ್ಲಿ ನಿಯಮ ಮಾಡಿದ್ದು. ದರ ಬದಲಾದಾಗ ಕಂತು ಏರಿಸುವುದಾ, ಅವಧಿ ಬೆಳೆಸುವುದಾ, ಎರಡೂ ಸ್ವಲ್ಪ ಸ್ವಲ್ಪವಾ ಅಂತ ಸಾಲಗಾರರನ್ನು ಕೇಳಬೇಕು. ಇನ್ನೆಷ್ಟು ಕಂತು ಉಳಿದಿದೆ ಅಂತ ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಆ ಸ್ಟೇಟ್‌ಮೆಂಟ್ ತೆಗೆದು ನೋಡಿ. ಫ್ಲೋಟಿಂಗ್ ಸಾಲಕ್ಕೆ ಪ್ರೀಪೇಮೆಂಟ್ ದಂಡ ಹಾಕುವಂತಿಲ್ಲ ಅಂತ ಬ್ಯಾಂಕುಗಳಿಗೆ 2012ರಲ್ಲೇ ಹೇಳಿದ್ದಾಗಿದೆ. ಫಿಕ್ಸೆಡ್ ರೇಟ್ ಆದರೆ ಒಪ್ಪಂದದ ಪತ್ರ ಓದಿ.

ಮನೆಯಲ್ಲಿ ಏನು ಬದಲಾಗ್ತಿದೆ?

ಮಗು ಬರುವುದಿದೆ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಕಾನೂನಿನಲ್ಲಿದೆ. ಪ್ರಶ್ನೆ 27ನೇ ವಾರದ್ದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ವಾಪಸ್ ಬರುತ್ತೇನೆ ಅಂತಲೇ ಹೋದಳು. ಮಗುವನ್ನು ನೋಡಿಕೊಳ್ಳಲು ಊರಿಂದ ಬರಬೇಕಿದ್ದ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಯಿತು. ಅವಳು ಕೆಲಸ ಬಿಟ್ಟಳು. ಇಬ್ಬರ ಸಂಬಳ ನೋಡಿ ಕೊಟ್ಟ ಸಾಲ ಒಬ್ಬರ ಮೇಲೆ ಬಿತ್ತು. ಇಂಥ ಹೊತ್ತಿನಲ್ಲಿ ಕಂತು ಇಳಿಸುವುದೇ ಸರಿ. ಹೆರಿಗೆಗೆ ಮೂರು ತಿಂಗಳು ಮೊದಲಿನಿಂದ ಒಬ್ಬರ ಸಂಬಳದಲ್ಲೇ ಮನೆ ನಡೆಸಿ ನೋಡಿ. ಇನ್ನೊಬ್ಬರದ್ದು ಪೂರ್ತಿ ಪಕ್ಕಕ್ಕಿಡಿ. ಎಲ್ಲಿ ಬಿಗಿಯಾಗುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಕೆಲಸ ಬಿಟ್ಟು ಸ್ವಂತದ್ದು ಏನಾದರೂ ಶುರು ಮಾಡುವ ಯೋಚನೆ. ಇದರಲ್ಲಿ ಕ್ರಮ ಮುಖ್ಯ. ರೇಟ್ ಇಳಿಸುವುದು, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು, ಓಡಿ ಮಾಡಿಸುವುದು, ಇವೆಲ್ಲ ರಾಜೀನಾಮೆಗೆ ಮೊದಲು ಆಗಬೇಕು. ಆಮೇಲೆ ಎರಡು ಮೂರು ವರ್ಷದ ಐಟಿ ರಿಟರ್ನ್ ತೋರಿಸುವ ತನಕ ಯಾವ ಬ್ಯಾಂಕೂ ಸರಿಯಾಗಿ ಮಾತಾಡುವುದಿಲ್ಲ. ಅಪ್ಪ ಅಮ್ಮನಿಗೆ ಸ್ವಂತ ಹೆಲ್ತ್ ಪಾಲಿಸಿ ಕೂಡ ಆಗಲೇ ಮಾಡಿಸಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ವಿದೇಶದಲ್ಲಿದ್ದೀರಿ, ಸಾಲ ಇಲ್ಲಿದೆ. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ, ಬೆಂಗಳೂರಿನ ಫ್ಲ್ಯಾಟಿನ ಕಂತು ಎನ್‌ಆರ್‌ಇ (ಅನಿವಾಸಿ ಭಾರತೀಯರ) ಅಕೌಂಟಿನಿಂದ ಹೋಗುತ್ತದೆ. "ಅಕ್ಕ, ಸಾಲ ತಲೆ ಮೇಲೆ ಇದೆ ಅಂದ್ರೆ ನಿದ್ದೆ ಬರಲ್ಲ, ಮುಗಿಸಿಬಿಡ್ತೀನಿ" ಅಂತಾನೆ. ಅವನದ್ದು ಎಚ್-1ಬಿ, ಅಮೆರಿಕದ ಕೆಲಸದ ವೀಸಾ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು 60 ದಿನ. ಆ 60 ದಿನಕ್ಕೆ ಬೇಕಾಗುವುದು ಅಲ್ಲಿನ ಡಾಲರ್, ಇಲ್ಲಿನ ಗೋಡೆಯಲ್ಲ. 2020ರಲ್ಲಿ 74ರ ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ದಾಟಿತು. ರೂಪಾಯಿಯ ಕಂತು ಅವನಿಗೆ ತಾನಾಗಿಯೇ ಹಗುರಾಗುತ್ತಾ ಬಂದಿದೆ. ಅವನಿಗೆ ಆತುರ ಬೇಡ ಅಂತಲೇ ಹೇಳಿದ್ದೇನೆ. ಕೇಳುತ್ತಾನಾ ಗೊತ್ತಿಲ್ಲ.

ಮನೆ ಮಾರಿ ಬೇರೆ ಊರಿಗೆ ಹೋಗುವ ಸಾಧ್ಯತೆ ಇದ್ದರೆ ಪ್ರೀಪೇಮೆಂಟ್ ಬಿಟ್ಟು ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಹಳೇ ಪದ್ಧತಿಯಲ್ಲಿ ಅಸಲಿಗೆ 80ಸಿ ವಿನಾಯಿತಿ ಪಡೆದಿದ್ದರೆ, ಸ್ವಾಧೀನಕ್ಕೆ ಬಂದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ ಅದೆಲ್ಲ ವಾಪಸ್ ಆದಾಯಕ್ಕೆ ಸೇರುತ್ತದೆ ಅನ್ನುವುದೂ ನೆನಪಿರಲಿ.

ನಿವೃತ್ತಿ ಹತ್ತಿರವಿದ್ದರೆ ನನ್ನ ಸಲಹೆ ಪೂರ್ತಿ ತಿರುಗುತ್ತದೆ. ಐವತ್ತೆರಡು ದಾಟಿ ಕಂತು ಅರವತ್ತರ ಆಚೆಗೆ ಚಾಚಿದ್ದರೆ ಅವಧಿ ಇಳಿಸಲೇಬೇಕು. 2006ರ ಏಪ್ರಿಲ್ ಒಂದರಿಂದ ಈಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್ ಅನ್ನುವ ಹೊಸ ಪೆನ್ಶನ್ ಯೋಜನೆಯಲ್ಲಿದ್ದಾರೆ. ಅವರ ಅಪ್ಪಂದಿರಿಗೆ ಬಂದ ಹಾಗೆ ಕೊನೇ ಸಂಬಳದ ಅರ್ಧ ಪೆನ್ಶನ್ ಬರುತ್ತದೆ ಅಂತ ಲೆಕ್ಕ ಹಾಕುವಂತಿಲ್ಲ.

ಸಾವಿನ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಹೇಳಬೇಕು. ಜಂಟಿ ಸಾಲದಲ್ಲಿ ಒಬ್ಬರು ಹೋದರೆ ಪೂರ್ತಿ ಸಾಲ ಉಳಿದವರದ್ದು. ಬೇರೆಯಾದರೂ ಅಷ್ಟೇ, ಡೈವೋರ್ಸ್ ಆಯಿತು ಅಂತ ಬ್ಯಾಂಕು ಒಬ್ಬರ ಹೆಸರು ತೆಗೆಯುವುದಿಲ್ಲ. ಬಾಕಿ ಇರುವಷ್ಟಕ್ಕಾದರೂ ಟರ್ಮ್ ಇನ್ಶೂರೆನ್ಸ್ ಇಲ್ಲದವರು ಐದು ಲಕ್ಷ ಪ್ರೀಪೇಮೆಂಟ್ ಮಾಡುವ ಮುಂಚೆ ಅದನ್ನು ಮಾಡಿಸಲಿ.

ಕೊನೇ ಕಂತು ಆದಮೇಲೆ

ನಾವಿನ್ನೂ ಮುಗಿಸಿಲ್ಲ. ನಮ್ಮನೆಯವರಿಗೆ ಐದು ತಿಂಗಳಾದ ಮೇಲೆ ಕಮ್ಮಿ ಸಂಬಳದ ಕೆಲಸ ಸಿಕ್ಕಿತು. ಪರ್ಸನಲ್ ಲೋನ್ ತೀರಿದೆ. ಹೋಮ್ ಲೋನ್‌ನಲ್ಲಿ 11 ಲಕ್ಷ ಬಾಕಿ, ಅದೇ ಓಡಿಯಲ್ಲಿ 8 ಲಕ್ಷ ಇಟ್ಟಿದ್ದೇವೆ. ಬಡ್ಡಿ ಬೀಳುವುದು 3 ಲಕ್ಷಕ್ಕೆ. ಮಗಳು ಪಿಯುಸಿಯಲ್ಲಿದ್ದಾಳೆ. ಅವಳ ಕಾಲೇಜು ಎಲ್ಲಿ ಅಂತ ಗೊತ್ತಾಗುವ ತನಕ ಆ 8 ಲಕ್ಷ ಅಲ್ಲೇ ಇರುತ್ತದೆ.

ನನ್ನ ಅಕ್ಕ ಹೋದ ವರ್ಷ ಮುಗಿಸಿದಳು. ಮುಗಿಸುವುದು ಅಂದರೆ ದುಡ್ಡು ಕಟ್ಟುವುದಷ್ಟೇ ಅಲ್ಲ ಅಂತ ಅವಳ ಜೊತೆ ಓಡಾಡಿದಾಗ ಗೊತ್ತಾಯಿತು. ಪೂರ್ತಿ ಕಟ್ಟಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಕೊಡಬೇಕು, ಬ್ಯಾಂಕಿನದ್ದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ ಒಂದರಿಂದ ಆರ್‌ಬಿಐನ ಈ ನಿಯಮ ಇದೆ. ಸಾಲ ತೆಗೆಯುವಾಗ ಬ್ಯಾಂಕು ಕೊಟ್ಟ ದಾಖಲೆಗಳ ಪಟ್ಟಿಯನ್ನು ಅಕ್ಕ ಹದಿಮೂರು ವರ್ಷ ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಒಂದೊಂದೇ ಪತ್ರ ತೆಗೆದು ಟಿಕ್ ಹಾಕಿದೆವು. ಕ್ರಯಪತ್ರ ಇತ್ತು. ಹಿಂದಿನ ಮಾಲೀಕರ ಕ್ರಯಪತ್ರ ಇತ್ತು. ಪಟ್ಟಿಯ ಏಳನೆಯದು, ಹಳೆಯ ಖಾತಾ ಎಕ್ಸ್‌ಟ್ರಾಕ್ಟ್, ಇರಲಿಲ್ಲ. ಅಲ್ಲೇ ಕೂತೆವು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಫೈಲಿನಿಂದ ಸಿಕ್ಕಿತು. ಸಹಿ ಹಾಕಿ ಬಂದುಬಿಟ್ಟಿದ್ದರೆ ಅದು ಹೋದಂತೆಯೇ.

ಆಮೇಲೆ ನೋ ಡ್ಯೂ ಸರ್ಟಿಫಿಕೇಟ್. ಸಾಲ ತೆಗೆಯುವಾಗ ಎಂಓಡಿಟಿ (ಮನೆ ಪತ್ರಗಳನ್ನು ಬ್ಯಾಂಕಿಗೆ ಅಡವಿಟ್ಟದ್ದಕ್ಕೆ ಬರೆದುಕೊಟ್ಟ ದಾಖಲೆ) ರಿಜಿಸ್ಟರ್ ಆಗಿದ್ದರೆ ಬ್ಯಾಂಕಿನವರ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅದನ್ನು ರದ್ದು ಮಾಡಿಸಬೇಕು. ಸೆರ್ಸಾಯಿ (ಅಡಮಾನಗಳ ಕೇಂದ್ರ ನೋಂದಣಿ) ದಾಖಲೆಯಲ್ಲಿ ಬ್ಯಾಂಕೇ ಸಾಲದ ನಮೂದು ತೆಗೆಯಬೇಕು, ತೆಗೆದಿದೆಯಾ ಅಂತ ಕೇಳಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್‌ನಲ್ಲಿ ಸಾಲ "ಕ್ಲೋಸ್ಡ್" ಅಂತ ಬಂದಿದೆಯಾ ನೋಡಿ. ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ (ಋಣಭಾರ ಪತ್ರ) ತೆಗೆಸಿ. ಅಕ್ಕ ತೆಗೆಸಿದಾಗ ಅಡಮಾನದ ನಮೂದಿನ ಕೆಳಗೆ ಅದು ರದ್ದಾದ ನಮೂದೂ ಬಂದಿತ್ತು. ಆ ಪ್ರಿಂಟನ್ನೂ ಅದೇ ಸೀರೆಯ ಮಡಿಕೆಗೆ ಸೇರಿಸಿದಳು.